ಅಕ್ಕ ಕರಿಹಲಗೆ ಒರೆಸಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕ ಏನು ಕೆಲಸ ಮಾಡುತ್ತಾಳೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಅಪ್ಪನೂ ತಡವರಿಸುತ್ತಿದ್ದರು. ಸೌಕಾರ್‌ಪೇಟೆಯಲ್ಲಿ ಕೆಳಗೆ ಅಪ್ಪನ ಸೀರೆ ಅಂಗಡಿ, ಮೇಲೆ ನಮ್ಮ ಮನೆ. ವ್ಯಾಪಾರಕ್ಕೆಂದು ತಮಿಳು ಸೀಮೆಗೆ ಬಂದು ನೆಲೆಸಿದವರು ನಾವು. ಹೊಸ ಸೀರೆಗಳ ಗಂಜಿ ವಾಸನೆ, ಪಕ್ಕದಂಗಡಿಯ ಬಾಣಲೆಯಿಂದ ಏಳುವ ಜಿಲೇಬಿಯ ಘಮ, ಕೈಗಾಡಿಯವರ ಕೂಗಾಟ ಎಲ್ಲವೂ ಮೆಟ್ಟಿಲೇರಿ ಒಳಗೇ ಬರುತ್ತಿದ್ದವು. ಅಷ್ಟರ ನಡುವೆ ಅಕ್ಕ ಪೆನ್ಸಿಲ್ ಕಚ್ಚುತ್ತ ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಆಮೇಲೆ ಒಮ್ಮೆಲೇ ಹಾಳೆ ತುಂಬ ಲೆಕ್ಕ ಬರೆಯುತ್ತಿದ್ದಳು. ಮುದಿಯಾದ ನಕ್ಷತ್ರದೊಳಗೆ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದಲೇ ತಿಳಿಯುವುದು ಅವಳ ಸಂಶೋಧನೆ.

ಅಪ್ಪನ ತಮ್ಮ, ನಮ್ಮ ಕಾಕಾ, ಅಂಗಡಿಯಲ್ಲೇ ಇರುತ್ತಿದ್ದರು. ಅವರಿಗೆ ಇದು ಹಿಡಿಸುತ್ತಿರಲಿಲ್ಲ.

“ನಕ್ಷತ್ರದ ಹೊಟ್ಟ್ಯಾಗ ಏನೈತಿ ಅಂತ ಯಾರು ಹೋಗಿ ನೋಡ್ಯಾರಣ್ಣಾ? ಮನ್ಯಾಗ ಕುಂತು ಬರದದ್ದೆಲ್ಲಾ ಖರೇ ಆಗತೈತೇನು? ಓದಿದ್ದು ಸಾಕು, ಲಗ್ನಾ ಮಾಡು.”

ಕೇಳಿ ಕೇಳಿ ಅಪ್ಪನ ಮನಸ್ಸೂ ಅಲ್ಲಾಡತೊಡಗಿತ್ತು. ಅಷ್ಟರಲ್ಲಿ ಅಕ್ಕ ತನ್ನ ಕೆಲಸದ ಬಗ್ಗೆ ಕಾಲೇಜಿನ ಸಭೆಯಲ್ಲಿ ಮಾತಾಡಲಿದ್ದಾಳೆಂದು ಗೊತ್ತಾಯಿತು. “ನಾನೂ ಬಂದು ಕೇಳತೀನಿ. ಮುಂದ ಓದೋದೋ ಬ್ಯಾಡೋ ಆಮ್ಯಾಲ ನೋಡೂಣು” ಎಂದರು ಅಪ್ಪ. ಅಕ್ಕ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಆ ದಿನ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನ ಕೈ ಹಿಡಿದು, ಸಭೆಯ ಹಿಂದಿನ ಬೆಂಚಿನಲ್ಲಿ ಕುಳಿತರು. ಫ್ಯಾನು ಕಟಕಟ ಎನ್ನುತ್ತಿತ್ತು. ಅಕ್ಕ ಇಂಗ್ಲಿಷಿನಲ್ಲಿ ಮಾತಾಡುತ್ತ ಕರಿಹಲಗೆಯನ್ನು ತುದಿಯಿಂದ ತುದಿಗೆ ತುಂಬಿಸಿದಳು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಅಪ್ಪ ಎದೆ ಸೆಟೆಸಿ ಕೂತಿದ್ದರು.

ಆಗ ಕನ್ನಡಕದ ಹುಡುಗನೊಬ್ಬ ಎದ್ದು ಮುಂದೆ ಹೋಗಿ, ಹಲಗೆಯ ನಡುವೆ ಒಂದು ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿ ಏನೋ ಕೇಳಿದ. ಅಕ್ಕ ಬಹಳ ಹೊತ್ತು ಹಲಗೆಯನ್ನೇ ನೋಡಿದಳು. ಕೊನೆಗೆ ಹೌದೆಂದು ತಲೆಯಾಡಿಸಿ, ಅಲ್ಲಿಂದ ಮುಂದೆ ಬರೆದದ್ದನ್ನೆಲ್ಲ ತಾನೇ ಒರೆಸಿಬಿಟ್ಟಳು. ಅಪ್ಪ ತಲೆ ತಗ್ಗಿಸಿ ಧೋತರದ ಅಂಚು ಸರಿಮಾಡಿಕೊಳ್ಳತೊಡಗಿದರು.

ಮರಳುವಾಗ ಬಸ್ಸಿನ ಕಿಟಕಿಯಿಂದ ಸಮುದ್ರದ ಉಪ್ಪುಗಾಳಿ ಬೀಸುತ್ತಿತ್ತು. ಅಕ್ಕನ ಜಡೆಯ ಮೇಲೆ ಇನ್ನೂ ಸುಣ್ಣದ ಪುಡಿ ಇತ್ತು.

“ಇಷ್ಟ ವರ್ಷ ಬರದದ್ದು ಹೋತಲ್ಲವ್ವಾ” ಎಂದರು ಅಪ್ಪ. “ನಿಮ್ಮ ಕಾಕಾ ಹೇಳಿದ್ದ ಖರೇ ಆತು.”

“ಇಲ್ಲಪ್ಪಾ. ಯಾರೂ ನೋಡಿಲ್ಲ, ಅದಕ್ಕ ಸುಳ್ಳು ಅಂತಾರ ಕಾಕಾ. ಆದ್ರ ಆ ಹುಡುಗ ನನ್ನ ಲೆಕ್ಕಾ ಪೂರ್ತಿ ತಿಳಕೊಂಡು, ಎಲ್ಲಿ ತಪ್ಪೈತಿ ತೋರಿಸಿದ. ಅಲ್ಲಿ ತನಕಾ ಬರದದ್ದು ಸರಿ ಐತಿ. ಅಲ್ಲಿಂದ ಮುಂದ ಏನಾಗತೈತಿ ಅಂತ ಯಾರಿಗೂ ಗೊತ್ತಿಲ್ಲಪ್ಪಾ. ನಾಳಿಂದ ಅದನ್ನ ನೋಡಬೇಕು.”

ಅವಳ ಮುಖ ನೋಡಿದೆ. ಅತ್ತಿರಬಹುದು ಎಂದುಕೊಂಡಿದ್ದೆ. ಆದರೆ ಹಬ್ಬದ ಹಿಂದಿನ ದಿನದ ಹುಡುಗಿಯಂತೆ ಕೂತಿದ್ದಳು. ಅಪ್ಪ ಅವಳನ್ನೇ ನೋಡುತ್ತ ಬಂದರು.

ಮನೆಗೆ ಬಂದ ಕೂಡಲೇ ಕಾಕಾ, “ಹೆಂಗಾತು?” ಎಂದರು.

“ತಪ್ಪಾಗಿತ್ತು” ಎಂದರು ಅಪ್ಪ ಚಪ್ಪಲಿ ಬಿಡುತ್ತ. “ತುಂಬಿದ ಸಭಾದಾಗ ಒಪ್ಪಿಕೊಂಡ್ಲು. ನಾವು ಗಿರಾಕಿ ಮುಂದ ಯಾವತ್ತರೆ ಹಂಗ ಒಪ್ಪಿಕೊಂಡೀವೇನೋ? ಓದಲಿ ಬಿಡು.”

ಅಕ್ಕ ಓದಿದಳು. ಆ ಹುಡುಗನೂ ಆಗಾಗ ಮನೆಗೆ ಬಂದು ಅವಳ ಜೊತೆ ವಾದ ಮಾಡಿ, ಜಿಲೇಬಿ ತಿಂದು ಹೋಗುತ್ತಿದ್ದ. ಮುಂದೆ ಅವಳ ಲೆಕ್ಕದಲ್ಲಿ ಕೆಲವು ಸರಿಯೆಂದು ಗೊತ್ತಾಯಿತು, ಕೆಲವನ್ನು ಬೇರೆಯವರು ತಿದ್ದಿದರು. ಕಾಕಾ ಮಾತ್ರ ಕೊನೆಯವರೆಗೂ ನಂಬಲಿಲ್ಲ.

ಈಗ ನಾನು ಅದೇ ಊರಿನ ವೇಲಚೇರಿಯ ಫ್ಲಾಟಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ನಮ್ಮ ಓಣಿಯಲ್ಲಿ ಆಕಾಶ ಕಾಣುತ್ತಿದ್ದುದೇ ಒಂದು ಪಟ್ಟಿಯಷ್ಟು. ಇವರಿಗೆ ನಕ್ಷತ್ರಗಳ ಬಣ್ಣಬಣ್ಣದ ಚಿತ್ರ ಅಂಗೈಯಲ್ಲೇ ಸಿಗುತ್ತದೆ, ಕೇಳಿದ್ದಕ್ಕೆಲ್ಲ ಫೋನು ಥಟ್ಟನೆ ಉತ್ತರ ಹೇಳುತ್ತದೆ. ಮೊನ್ನೆ ಮೊಮ್ಮಗಳು ಏನನ್ನೋ ಹುಡುಕಿ ಹುಡುಕಿ, ಫೋನನ್ನು ಸೋಫಾದ ಮೇಲೆ ಎಸೆದಳು. “ಪೋಂಗ ಅಜ್ಜಿ, ಇದು ಇನ್ನೂ ಯಾರುಕ್ಕುಮೇ ತೆರಿಯಾದಾಂ” ಎಂದು ತನ್ನ ಅರೆತಮಿಳಿನಲ್ಲಿ ಹೇಳಿ ಮುಖ ಸಿಂಡರಿಸಿದಳು.

ಇನ್ನೂ ಯಾರಿಗೂ ಗೊತ್ತಿಲ್ಲವಂತೆ. ನಾನು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಅದೇನು ಹೇಳು ಮಗಾ ಎಂದೆ.