ಕ್ಯಾಮೆರಾಕ್ಕೆ ಬಾಟಲಿ ನೋಡಲು ಕಲಿಸಿದವಳು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಗಾಜಿನ ಬಾಟಲಿ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಕೈಕೆಳಗೆ ಹನ್ನೊಂದು ಮಂದಿ ಹೆಂಗಸರು. ಒಂದೊಂದು ಮೇಜಿಗೆ ಒಂದೊಂದು ಅಳತೆಯ ಬಾಟಲಿ. ಅದನ್ನು ದೀಪದ ಮುಂದೆ ತಿರುಗಿಸಿ, ಗುಳ್ಳೆಯೋ ಬಿರುಕೋ ಕಂಡರೆ ಪಕ್ಕಕ್ಕೆ ಹಾಕುವುದು ಅವರ ಕೆಲಸ. ಗದರುವುದು ನನ್ನದು. ಅದು ನನಗೆ ಚೆನ್ನಾಗಿ ಬರುತ್ತದೆ.

ಹುಲ್ಲಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಒಬ್ಬಾಕೆಯನ್ನು ಮಾತ್ರ ಗದರಲು ಇಷ್ಟು ವರ್ಷದಲ್ಲಿ ಒಂದು ನೆಪವೂ ಸಿಕ್ಕಿರಲಿಲ್ಲ. ಕೂದಲೆಳೆಯಷ್ಟು ಸೀಳಿದ್ದರೂ ಅವಳ ಕೈ ತಟ್ಟನೆ ನಿಲ್ಲುತ್ತಿತ್ತು. ನಿಜ ಹೇಳಬೇಕೆಂದರೆ, ಅದಕ್ಕೇ ಅವಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಹೋದ ವರ್ಷ ಪ್ರತಿ ಮೇಜಿನ ಮೇಲೂ ಒಂದು ಕ್ಯಾಮೆರಾ, ಪಕ್ಕದಲ್ಲಿ ಒಂದು ಪರದೆ ಬಂತು. ಬಾಟಲಿಯಲ್ಲಿ ದೋಷ ಎಲ್ಲಿದೆಯೋ ಪರದೆಯ ಮೇಲೆ ಅಲ್ಲೇ ಬೆರಳಿಟ್ಟು ತೋರಿಸಬೇಕು; ನೋಡಿ ನೋಡಿ ಕ್ಯಾಮೆರಾ ತಾನೇ ಕಲಿಯುತ್ತದೆ. ಚೆನ್ನಾಗಿ ಕಲಿಸಿದವರಿಗೆ ಒಳ್ಳೆಯದಾಗುತ್ತದೆ ಎಂದು ಮೇಲಿನವರು ಹೇಳಿದ್ದನ್ನು ನಾನು ಇನ್ನಷ್ಟು ಬಣ್ಣ ಕಟ್ಟಿ ಹೇಳಿದೆ.

ಉಳಿದ ಹತ್ತು ಮಂದಿ ಸೊಸೆಯ ಕೊಬ್ಬು, ನಾದಿನಿಯ ಸೀರೆ ಎಂದು ಹರಟುತ್ತ ಬೆರಳು ಬಿದ್ದಲ್ಲಿ ಒತ್ತಿದರು. ಅವಳಿಗೆ ಮಾತ್ರ ಅದು ವ್ರತವಾಯಿತು. ಊಟದ ಡಬ್ಬಿ ತೆರೆಯುವುದನ್ನೂ ಮರೆಯುತ್ತಿದ್ದಳು. ಕ್ಯಾಮೆರಾ ತಪ್ಪಿದರೆ ಅದಕ್ಕೇ ಬುದ್ಧಿ ಹೇಳುವಳು: "ಅಲ್ಲಲ್ಲ ಕಣವ್ವಾ, ಇಲ್ನೋಡು, ಕತ್ತಿನ್ ತಾವು."

ಪಕ್ಕದ ಮೇಜಿನವಳು, "ಅಷ್ಟ್ಯಾಕ್ ಒದ್ದಾಡ್ತೀಯೇ, ಎಲ್ಲಾದ್ರೂ ಒತ್ತು" ಎಂದಾಗ ಕೆಂಡಾಮಂಡಲವಾದಳು.

"ಮಕ್ಳು ಕುಡಿಯೋ ಔಸ್ದಿ ಕಣೇ ಇದ್ರೊಳಗೆ ತುಂಬೋದು. ಗಾಜಿನ್ ಚೂರು ಒಳಕ್ಕೋದ್ರೆ?"

ಮೂರು ತಿಂಗಳಾದ ಮೇಲೆ ಮೇಲಿನಿಂದ ಆದೇಶ ಬಂತು. ಯಾರ ಕೆಲಸವನ್ನು ಕ್ಯಾಮೆರಾ ಪೂರ್ತಿ ಕಲಿತಿದೆಯೋ ಅವರು ನಾಳೆಯಿಂದ ಬೇಡ. ಕಲಿಕೆ ಅರೆಬರೆಯಾಗಿರುವ ಮೇಜಿನವರು ಮುಂದುವರಿಯಲಿ. ಕೆಳಗೆ ಇದ್ದದ್ದು ಒಂದೇ ಹೆಸರು, ಅವಳದು. ಓದಿ ನನಗೆ ನಗು ಬಂತು. ಬಂದದ್ದು ನಗುವೇ, ಈಗ ಮುಚ್ಚಿಟ್ಟು ಏನಾಗಬೇಕು.

ಸಂಜೆ ಗೇಟಿನ ಹತ್ತಿರ ವಿಷಯ ತಿಳಿಸಿದೆ. ಅವಳು ಚೀಲವನ್ನು ಎದೆಗೆ ಅವಚಿಕೊಂಡು ಕೇಳಿದ್ದು ಇಷ್ಟೇ:

"ನಾನೇನಾರ ತಪ್ ತೋರ್ಸ್‌ಬುಟ್ನಾ, ಮೇಡಮ್ಮೋರೆ?"

ನಿಜ ಹೇಳಬಹುದಿತ್ತು. ಹೇಳಿದ್ದರೆ ಅವತ್ತಿನ ಬಸ್ಸಿನಲ್ಲೇ ಸುದ್ದಿ ಹರಡಿ, ಮಾರನೆಯ ದಿನದಿಂದ ಉಳಿದವರು ಬೇಕೆಂದೇ ತಪ್ಪು ತೋರಿಸುತ್ತಿದ್ದರು. ಮೇಲಿನವರು ಮೊದಲು ಹಿಡಿಯುವುದು ನನ್ನ ಜುಟ್ಟನ್ನು. ಜೊತೆಗೆ, ಅವಳಲ್ಲಿ ತಪ್ಪು ಹಿಡಿಯುವ ಒಂದು ಅವಕಾಶ ಕೊನೆಗೂ ಸಿಕ್ಕಿತ್ತು.

"ಹೂಂ, ಬಹಳ ತಪ್ಪಿತ್ತು. ಈಚೆಗೆ ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಅಕ್ಕಾ" ಎಂದೆ.

ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. "ಇದ್ರೂ ಇರ್ಬೋದು, ವಯಸ್ಸಾಯ್ತಲ್ವಾ" ಎಂದು ನನಗೇ ಕೈಮುಗಿದು ಬಸ್ಸಿನ ಕಡೆ ಹೋದಳು.

ಈಚೆಗೆ ತಿ. ನರಸೀಪುರದ ರಸ್ತೆಯಲ್ಲಿ ಇನ್ನೊಂದು ಬಾಟಲಿ ಕಾರ್ಖಾನೆ ತೆರೆದಿದೆ. ಅಲ್ಲಿ ಕ್ಯಾಮೆರಾ ಇಲ್ಲ, ನೋಡಿ ಆರಿಸುವ ಹೆಂಗಸರು ಬೇಕು. ಪಕ್ಕದ ಮೇಜಿನವಳು ಅವಳ ಮನೆಯವರೆಗೂ ಹೋಗಿ, ನಿನ್ನಂಥವಳು ಅವರಿಗೆ ಎಲ್ಲಿ ಸಿಗುತ್ತಾಳೆ, ಬಾ ಎಂದು ಕರೆದಳಂತೆ.

"ಬ್ಯಾಡ ಕಣೇ, ನಂಗೆ ಕಣ್ ಕಾಣಲ್ಲ" ಅಂದಳಂತೆ. "ಮೇಡಮ್ಮೋರೇ ಏಳವ್ರೆ."