ಸರ್ಕಾರ ಯಾವ ಲಿಂಗ?

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಬಾಯಿ ತೆರೆದರೆ ಅವರ ಮಾತಿಗಿಂತ ಮೊದಲು ಅವರ ವ್ಯಾಕರಣ ನನ್ನ ಕಿವಿಗೆ ಬೀಳುತ್ತದೆ. ಹೈದರಾಬಾದಿನ ಶಾಲೆಗಳಲ್ಲಿ ಹಿಂದಿ ಕಲಿಸುತ್ತಲೇ ತಲೆ ನರೆತವಳಿಗೆ ಇದು ತಪ್ಪಿದ್ದಲ್ಲ. ಮದುವೆಮನೆಯಲ್ಲಿ ಬೀಗರು ಜಗಳಕ್ಕೆ ನಿಂತಾಗಲೂ, ಜಗಳವೇನೋ ಸರಿ, ಕ್ರಿಯಾಪದ ಕೆಟ್ಟಿತಲ್ಲ ಎಂದು ಒಳಗೊಳಗೇ ಚಡಪಡಿಸಿದವಳು ನಾನು. ಹೀಗಾಗಿ ಒಂದನೇ ಕ್ಲಾಸಿನ ಮೊಮ್ಮಗಳು ಚಿನ್ನು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, “ಅಜ್ಜಿ, ಸರ್ಕಾರ್ ಎಲ್ಲಿ ಇರ್ತಾಳ?” ಎಂದು ಕೇಳಿದಾಗ ನನಗೆ ಕೇಳಿಸಿದ್ದು ಪ್ರಶ್ನೆಯಲ್ಲ, ಕೊನೆಯ ‘ಇರ್ತಾಳ’.

ಸಂಗತಿ ಇಷ್ಟು. ನಿಮ್ಮ ಬಡಾವಣೆಯಲ್ಲಿ ಸರ್ಕಾರ ಏನೇನು ಮಾಡುತ್ತದೆ ಎಂದು ನೋಡಿಕೊಂಡು ಬಂದು ಹೇಳಬೇಕು ಅಂತ ಅವಳ ಟೀಚರು ಹೇಳಿದ್ದರಂತೆ. ಇದೇನು ಮಹಾ ಎಂದುಕೊಂಡು ಅವಳ ಕೈಹಿಡಿದು ನಮ್ಮ ಕೂಕಟ್‌ಪಲ್ಲಿಯ ಗಲ್ಲಿಗೆ ಇಳಿದೆ. ನಲ್ಲಿ ತೋರಿಸಿದೆ. ಬೀದಿದೀಪ, ಬಸ್ಸು, ಕಸದ ಆಟೊ, ಜ್ವರಕ್ಕೆ ಮಾತ್ರೆ ಕೊಡುವ ಬಸ್ತಿ ದವಾಖಾನೆ, ಎಲ್ಲ ತೋರಿಸಿದೆ. ಪ್ರತಿಯೊಂದರ ಮುಂದೆಯೂ ಚಿನ್ನು ಸುತ್ತಮುತ್ತ ನೋಡಿ, “ಆಕಿ ಎಲ್ಲೂ ಕಾಣವಲ್ಲಳಲ್ಲ?” ಎನ್ನುತ್ತಿದ್ದಳು.

ತಪ್ಪು ಅವಳದಲ್ಲ, ಈ ಊರಿನ ಭಾಷೆಗಳದು. ಹಿಂದಿಯಲ್ಲಿ ಸರ್ಕಾರ ಸ್ತ್ರೀಲಿಂಗ. ‘ಸರ್ಕಾರ್ ಪಾನೀ ದೇತೀ ಹೈ’, ಅಂದರೆ ಸರ್ಕಾರ ನೀರು ಕೊಡುತ್ತಾಳೆ. ಇದೊಂದು ‘ದೇತೀ’ಗಾಗಿ ನಾನು ಎಷ್ಟು ಮಕ್ಕಳ ಅಂಕ ಕತ್ತರಿಸಿದ್ದೇನೋ ಆ ಮಕ್ಕಳ ಶಾಪಕ್ಕೇ ಗೊತ್ತು. ಮೀಸೆ ತಿರುವಿ ದಂಡ ಹಾಕುವ ಸರ್ಕಾರ ಗಂಡಸಲ್ಲದೆ ಮತ್ತೇನು ಎಂಬುದು ಅವರ ತರ್ಕ. ಇನ್ನು ತೆಲುಗಿನಲ್ಲಿ ಅಮ್ಮನೂ ‘ಇಸ್ತುಂದಿ’, ಸರ್ಕಾರವೂ ‘ಇಸ್ತುಂದಿ’. ಅವಳು ಕೊಟ್ಟರೂ ಅದು ಕೊಟ್ಟರೂ ಕ್ರಿಯಾಪದ ಒಂದೇ. ಉಳಿದದ್ದು ಕನ್ನಡ. ಸರ್ಕಾರವನ್ನು ನಪುಂಸಕದಲ್ಲಿ ಕೂಡಿಹಾಕಿ ಗಟ್ಟಿಯಾಗಿ ಬಾಗಿಲು ಹಾಕಿಕೊಂಡ ಭಾಷೆ ನಮ್ಮದು. ಆದರೆ ಮನೆಯಲ್ಲಿ ನಾವು ಚಿನ್ನುವನ್ನೇ ಮುದ್ದಿನಿಂದ ‘ಅದು ಉಣ್ತು, ಅದು ಮಲಗ್ತು’ ಅನ್ನುವವರು. ಅಂದಮೇಲೆ ನೀರು ಕೊಡುವ ‘ಅದು’ ಕೂಡ ತನ್ನ ಹಾಗೆಯೇ ಒಂದು ಹೆಣ್ಣು ಎಂದು ಮಗು ತಿಳಿದರೆ ಯಾವ ಮುಖ ಇಟ್ಟುಕೊಂಡು ತಿದ್ದುವುದು?

ಯಜಮಾನರನ್ನು ಕರೆದೆ. ಅವರು ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಭಾಷೆಯಲ್ಲಿ ಬಾಳಿದವರು. ಪರಿಶೀಲಿಸುವವರು ಯಾರು ಎಂಬುದು ಆ ವಾಕ್ಯದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಈಗಲೂ ಮೆಂತೆಸೊಪ್ಪು ತನ್ನಿ ಎಂದರೆ “ತಂದ್ರಾತು” ಅನ್ನುತ್ತಾರೆ, ಎದ್ದು ಹೋಗುವುದು ಮಾತ್ರ ನಾನು. ಅವರು ಕನ್ನಡಕ ಏರಿಸಿ, “ಸರ್ಕಾರ ಅಂದ್ರ ಮನುಷ್ಯಾ ಅಲ್ಲ ಪುಟ್ಟಿ, ಅದೊಂದು ವ್ಯವಸ್ಥಾ ಅದ” ಎಂದರು. “ವ್ಯವಸ್ಥಾ ಅಂದ್ರ ಯಾರು?” ಎಂದಳು ಚಿನ್ನು. ಅವರು ಪೇಪರಿನ ಹಿಂದೆ ಮರೆಯಾದರು.

ಚಿನ್ನುವಿಗೆ ಸರ್ಕಾರವನ್ನು ನೋಡಲೇಬೇಕಾಗಿತ್ತು. ಅದು ಬರೀ ಶಾಲೆಯ ಪಾಠಕ್ಕಲ್ಲ, ನಾಗಿಯ ಸಲುವಾಗಿ. ನಮ್ಮ ಫ್ಲ್ಯಾಟುಗಳ ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿದೆ. ಅಲ್ಲಿ ಸಿಮೆಂಟು ಹೊರುವ ಮಲ್ಲಮ್ಮ ಯಾದಗಿರಿ ಕಡೆಯವಳು. ಅವಳ ಮಗಳು ನಾಗಿಗೆ ಇನ್ನೂ ನಾಲ್ಕು ತುಂಬಿಲ್ಲ. ತಾಯಿ ಮೇಲಿನ ಮಹಡಿಯಲ್ಲಿ, ಮಗಳು ಕೆಳಗೆ ಉಸುಕಿನ ಗುಡ್ಡೆಯಲ್ಲಿ, ಸುತ್ತಲೂ ಕಬ್ಬಿಣದ ಸರಳು. ಹೋದ ವಾರ ಅವಳ ಕಾಲಿಗೆ ಮೊಳೆ ಹೊಕ್ಕಿತು. ಆ ಕೂಗು ನಮ್ಮ ಅಡುಗೆಮನೆಯವರೆಗೆ ಕೇಳಿಸಿತು. ಚಿನ್ನು ಲೆಕ್ಕ ಹಾಕಿಬಿಟ್ಟಿದ್ದಳು. ನೀರು ಕೊಡುವವಳು, ಮಾತ್ರೆ ಕೊಡುವವಳು, ನಾಗಿಯನ್ನು ನೋಡಿಕೊಳ್ಳುವುದಿಲ್ಲವೇ?

ಎರಡು ಗಲ್ಲಿ ಆಚೆ ಅಂಗನವಾಡಿ ಇದೆ. ಅಲ್ಲಿ ಯಾಕೆ ಬಿಡಬಾರದು ಎಂದು, ಚಿನ್ನುವಿಗೆ ಶಾಲೆ ಇಲ್ಲದ ಒಂದು ಮಧ್ಯಾಹ್ನ ಅವಳನ್ನೂ ಕರೆದುಕೊಂಡು ಹೋಗಿ ಮಲ್ಲಮ್ಮನನ್ನು ಕೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ನನ್ನನ್ನೇ ಮರುಕದಿಂದ ನೋಡಿದಳು.

“ಅಮ್ಮಾರ, ನಮ್ಮ ಸರಕಾರ ಊರಾಗ ಐತ್ರಿ. ಇಲ್ಲಿದು ಇವರ ಸರಕಾರ. ನಮ್ಮ ಕೂಸಿನ ಅದ್ಯಾಕ ನೋಡತೈತ್ರಿ?”

ಲಿಂಗದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವಳು ವಿಭಕ್ತಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಸರ್ಕಾರ ಏನು ಎಂಬ ಪ್ರಶ್ನೆ ನಮ್ಮಂಥವರದು. ಸರ್ಕಾರ ಯಾರದು ಎಂಬುದು ಮಲ್ಲಮ್ಮನದು. ನಮ್ಮ ಹಿರಿಯರೂ ಯಾದಗಿರಿ ಕಡೆಯಿಂದಲೇ ಹೊರಟು ಈ ಊರಿನ ಕಾಚಿಗೂಡ ಸ್ಟೇಶನ್ನಿನಲ್ಲಿ ಟ್ರಂಕು ಇಳಿಸಿಕೊಂಡು ಬಂದವರೇ. ನೌಕರಿ ಇತ್ತು, ಆದ್ದರಿಂದ ಇಳಿದ ದಿನವೇ ಸರ್ಕಾರ ‘ನಮ್ಮದು’ ಆಯಿತು. ಇವಳು ಅದೇ ಕಡೆಯಿಂದ ಬಂದು ನಮ್ಮ ಪಕ್ಕದಲ್ಲೇ ಗೋಡೆ ಏರಿಸುತ್ತಿದ್ದರೂ ಸರ್ಕಾರವನ್ನು ಊರಲ್ಲಿ ಬಿಟ್ಟು ಬಂದಿದ್ದಾಳೆ. ನನಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ತಿಳಿಯದು. “ನಡಿಯವಾ, ಕೇಳೇ ಬಿಡೋಣ” ಎಂದೆ. ಮೇಸ್ತ್ರಿಯಿಂದ ತುಸು ಹೊತ್ತು ಬಿಡುವು ಸಿಕ್ಕಿತು.

ದಾರಿಯುದ್ದಕ್ಕೂ ಮನಸ್ಸಿನಲ್ಲೇ ತೆಲುಗಿನಲ್ಲಿ ಭಾಷಣ ಸಿದ್ಧಮಾಡಿಕೊಂಡೆ. ವಲಸೆ, ಹಕ್ಕು, ಮಾನವೀಯತೆ, ಎಲ್ಲ ಇತ್ತು ಅದರಲ್ಲಿ. ಅಂಗನವಾಡಿಯಲ್ಲಿ ಊಟದ ಹೊತ್ತು. ಸಾಲಾಗಿ ಕುಳಿತ ಮಕ್ಕಳಿಗೆ ಟೀಚರಮ್ಮ ಅನ್ನ, ಬೇಳೆ ಬಡಿಸುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಹಣೆಯಲ್ಲಿ ಬೆವರು. ಮಲ್ಲಮ್ಮ ಹೊಸ್ತಿಲ ಆಚೆಯೇ ನಿಂತಳು, ನಾಗಿ ಅವಳ ಸೀರೆಯ ನೆರಿಗೆಯಲ್ಲಿ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಿನ್ನು ಒಳಗೆ ಹೋಗಿ ಆಕೆಯ ಮುಂದೆ ನಿಂತಿದ್ದಳು.

“ಸರ್ಕಾರ್ ಅಂಟೇ ನುವ್ವೇನಾ?”

ಸರ್ಕಾರ ಅಂದರೆ ನೀನೇನಾ! ಬಹುವಚನವೂ ಇಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಸೌಟು ಹಿಡಿದ ಟೀಚರಮ್ಮ ಚಿನ್ನುವನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹೊಸ್ತಿಲಲ್ಲಿ ನಿಂತವಳನ್ನೂ ಅವಳ ಸೀರೆಯಿಂದ ಇಣುಕುವ ಕಣ್ಣುಗಳನ್ನೂ ನೋಡಿದಳು. ನಗಲಿಲ್ಲ.

“ಅವುನಮ್ಮಾ, ನೇನೇ” ಎಂದಳು. ಹೌದಮ್ಮಾ, ನಾನೇ. ಎಂದವಳೇ ಇನ್ನೊಂದು ತಟ್ಟೆ ತೆಗೆದು ನಾಗಿಯ ಕಡೆ ಕೈ ಚಾಚಿದಳು. “ದಾ ಬಂಗಾರಂ, ಕೂರ್ಚೋ.” ಬಾ ಬಂಗಾರ, ಕೂತುಕೋ. ಯಾವ ಊರು, ಯಾರ ಮಗು ಎಂದೆಲ್ಲ ಕೇಳಿದ್ದು ನಾಗಿ ಉಂಡಾದ ಮೇಲೆ. ಇಲ್ಲಿ ಇರುವವರೆಗೆ ದಿನಾ ಕಳಿಸು ಎಂದು ಮಲ್ಲಮ್ಮನಿಗೆ ಮತ್ತೆ ಮತ್ತೆ ಹೇಳಿದಳು. ತೆಲುಗು ಅರ್ಥವಾಗದಿದ್ದರೂ ಮಲ್ಲಮ್ಮನಿಗೆ ಅರ್ಥವಾಯಿತು. ನನ್ನ ಭಾಷಣ ನನ್ನಲ್ಲೇ ಉಳಿಯಿತು, ಈಗಲೂ ಇದೆ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು ಇನ್ನೊಮ್ಮೆ ವಿವರಿಸಲು ನೋಡಿದರು. ಸರ್ಕಾರ ಒಬ್ಬರಲ್ಲ, ಅದು ಕಣ್ಣಿಗೆ ಕಾಣುವಂಥದ್ದಲ್ಲ ಎಂದರು. “ನಾ ನೋಡೀನಿ ಅಜ್ಜಾ” ಎಂದಳು ಚಿನ್ನು. “ಆಕಿ ಕೈಗೆ ಬ್ಯಾಳಿ ಹತ್ತಿತ್ತು.” ಪಾಪ, ಅವರ ವಾಕ್ಯಗಳಲ್ಲಿ ಸಿಗದ ಕರ್ತೃವಿಗೆ ಇಲ್ಲಿ ಕೈಯೇ ಇತ್ತು, ಮರೆಯಾಗಲು ಅವರ ಹತ್ತಿರ ಪೇಪರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದೆ. ಕೆಳಗೆ ಮಲ್ಲಮ್ಮ ಸರಸರ ಹೋಗುತ್ತಿದ್ದಳು. ಕಂಕುಳಲ್ಲಿ ನಾಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಗೆ ದೊಡ್ಡ ಕುಂಕುಮ. ಇಷ್ಟು ಅವಸರ ಯಾಕೆ ಎಂದು ಮೇಲಿಂದಲೇ ಕೂಗಿ ಕೇಳಿದೆ.

“ತಡಾ ಆಗೈತ್ರಿ ಅಮ್ಮಾರ,” ಎಂದಳು ನಿಲ್ಲದೆ. “ನಮ್ಮ ಸರಕಾರ ದಾರಿ ನೋಡಾಕತ್ತಿರ್ತಾಳ್ರಿ.”

ನಾನು ತಿದ್ದಲಿಲ್ಲ. ಲಿಂಗವೂ ಸರಿಯಿತ್ತು, ವಿಭಕ್ತಿಯೂ ಸರಿಯಿತ್ತು.