ಅಡಗು ಅಂದರೋ, ಅಡುಗು ಅಂದರೋ

ಹಾಲಿನವನು ಹಾಲು ಗಟ್ಟಿಯಾಗಿ ಕೊಟ್ಟರೆ ಇದಕ್ಕೇನು ಬೆರೆಸಿದ್ದಾನೋ ಎಂದು ಯೋಚಿಸುವವನು ನಾನು. ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಮೇಸ್ತ್ರಿಯಾಗಿದ್ದೆ. ಅಲ್ಲಿ ಕಣ್ಣು ಆಚೀಚೆ ಆದರೆ ಅರೆಬೆಂದ ಇಟ್ಟಿಗೆಯೂ ಲಾರಿ ಹತ್ತಿಬಿಡುತ್ತಿತ್ತು. ಇಂಥವನ ಹೆಂಡತಿ ವಾರವಾರವೂ ಸತ್ಯವೇದದ ಪಾಠಕ್ಕೆ ಹೊರಟರೆ ಸುಮ್ಮನಿರುವುದು ಹೇಗೆ? ನಾವು ಹುಟ್ಟು ಕ್ರೈಸ್ತರೇ. ಆದರೆ ನನಗೆ ಕ್ರಿಸ್‌ಮಸ್ಸು, ಈಸ್ಟರಿಗೆ ಚರ್ಚಿಗೆ ಹೋಗಿಬಂದರೆ ಸಾಕಾಗಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಅದರ ಹಿಂದಿನ ವರ್ಷ ಕೋಲಾರದ ಆಸ್ಪತ್ರೆಯಲ್ಲಿ ನಮ್ಮ ಚೊಚ್ಚಲ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಹೆಂಡತಿಗೆ ಎಚ್ಚರ ಬರುವ ಹೊತ್ತಿಗೆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ನಾನೇ ಮಣ್ಣು ಮಾಡಿ ಬಂದಿದ್ದೆ. "ಅವಳ ಮುಂದೆ ಆ ಮಾತು ಎತ್ಬೇಡ ಕಣೋ, ಬೇಗ ಮರೀತಾಳೆ" ಎಂದಿದ್ದಳು ನನ್ನಮ್ಮ. ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಿಧಾನವಾಗಿ ನಮ್ಮಿಬ್ಬರ ನಡುವೆ ಮಾತೇ ಕಡಿಮೆಯಾಯಿತು. ಇವಳು ಹೀಗೇ ನನ್ನ ಕೈತಪ್ಪಿ ಹೋಗುತ್ತಾಳೇನೋ ಎಂಬ ಹೆದರಿಕೆ ನನಗಿತ್ತು.

ಅಂಥ ಹೊತ್ತಿನಲ್ಲಿ ಮುಳಬಾಗಿಲಿನಿಂದ ಒಬ್ಬ ನರ್ಸಮ್ಮ ನಮ್ಮ ಬೀದಿಯಲ್ಲಿದ್ದ ತಮ್ಮ ಮಗಳ ಮನೆಗೆ ಬಂದು ನೆಲೆಸಿದರು. ನೌಕರಿಯಿಂದ ನಿವೃತ್ತರಾದವರು, ಗಟ್ಟಿ ಗಂಟಲಿನವರು. ಶನಿವಾರ ಮಧ್ಯಾಹ್ನ ಹೆಂಗಸರನ್ನು ಕೂರಿಸಿಕೊಂಡು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಪಾಠ ಹೇಳುತ್ತಿದ್ದರು. ಓದಿದರೆ ಸಾಲದು, ಓದಿದ್ದನ್ನು ಕೈಯಾರೆ ಮಾಡಿ ನೋಡಬೇಕು ಎಂಬುದು ಅವರ ಪದ್ಧತಿ. ಒಂದು ವಾರ, ದೀಪ ಹಚ್ಚಿ ಯಾರೂ ಕೊಳಗದಡಿ ಇಡುವುದಿಲ್ಲ ಎಂಬ ಯೇಸುವಿನ ಮಾತು ಕೇಳಿ, ನನ್ನ ಹೆಂಡತಿ ಮನೆಗೆ ಬಂದವಳೇ ದೀಪ ಹಚ್ಚಿ ಅದರ ಮೇಲೆ ಕೊಳಗ ಕವುಚಿ ಕುಳಿತಳು. ಇನ್ನೊಂದು ವಾರ ಹುಳಿಹಿಟ್ಟಿನ ಸಾಮ್ಯ, ಹೆಂಗಸೊಬ್ಬಳು ಅಡಗಿಸಿಟ್ಟ ಚೂರು ಹುಳಿ ಹಿಟ್ಟನ್ನೆಲ್ಲ ಉಬ್ಬಿಸಿತೆಂದು ಯೇಸು ಹೇಳಿದ ಕತೆ. ಹುಳಿ ಬಂದ ದೋಸೆ ಹಿಟ್ಟನ್ನು ಗೋಧಿ ಹಿಟ್ಟಿನ ಮುದ್ದೆಯೊಳಗೆ ಅಡಗಿಸಿಟ್ಟು, ಅದು ಉಬ್ಬುವುದನ್ನು ಎದ್ದೆದ್ದು ಹೋಗಿ ನೋಡಿದಳು. ಹುಳಿ ಚಪಾತಿ ತಿಂದವನು ಮಾತ್ರ ನಾನು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವಳು ಅಡುಗೆ ಮಾಡುತ್ತಾ ಮತ್ತೆ ಗುನುಗತೊಡಗಿದ್ದಳು. ನನ್ನ ಕೈಲಾಗದ್ದನ್ನು ಆ ಹೆಂಗಸು ಹೇಗೆ ಮಾಡಿದಳು? ಏನೋ ತಲೆಗೆ ತುಂಬುತ್ತಿದ್ದಾಳೆ ಎಂದುಕೊಂಡೆ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ.

ಒಂದು ಶನಿವಾರ ಬೇಗ ಹೊರಟು ಬಂದು, ಸೈಕಲ್ ಚೈನು ಸರಿಮಾಡುವವನಂತೆ ಆ ಮನೆಯ ಕಿಟಕಿಯ ಕೆಳಗೆ ಕುಳಿತೆ. ಉಳಿದ ಹೆಂಗಸರು ಹೋಗಿಯಾಗಿತ್ತು. ಒಳಗೆ ನನ್ನ ಹೆಂಡತಿ ಅಳುತ್ತಿದ್ದಳು. ನರ್ಸಮ್ಮ ದನಿ ತಗ್ಗಿಸಿ ತೆಲುಗಿನಲ್ಲಿ ಏನೋ ಹೇಳುತ್ತಿದ್ದರು. ನನಗೆ ತೆಲುಗು ಅಷ್ಟಕ್ಕಷ್ಟೆ. ನನ್ನಮ್ಮನಿಗೆ ಆಗದೆಂದು ಹೆಂಡತಿ ನಮ್ಮ ಮನೆಯಲ್ಲಿ ತನ್ನ ತವರಿನ ಭಾಷೆ ಆಡುತ್ತಲೇ ಇರಲಿಲ್ಲ. ಭಯ ಎಂಬ ಮಾತು ತಿಳಿಯಿತು. ಆಮೇಲೆ ಮತ್ತೆ ಮತ್ತೆ, "ಅಡಗು, ಅಡಗು."

ಮೊನ್ನೆ ಹಿಟ್ಟು ಅಡಗಿಸಿದ್ದಾಯಿತು, ಇವತ್ತು ನನ್ನ ಹೆಂಡತಿಯನ್ನೇ ಅಡಗಿಸುವ ಪಾಠ! ಯಾವ ಊರಿನ ಪ್ರಾರ್ಥನಾ ಮಂದಿರಕ್ಕೆ ಸಾಗಿಸುತ್ತಾರೋ? ಮನೆಗೆ ಓಡಿ ಟ್ರಂಕು ತೆಗೆದು ಸೀರೆಗಳನ್ನೆಲ್ಲ ಎಳೆದು ಹಾಕಿದೆ. ಏನೂ ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. "ಏನ್ರೀ ಇದು?"

"ಏನೇ ಬಚ್ಚಿಡ್ತಿದ್ದೀಯ ನನ್ನಿಂದ? ಅಡಗು ಅಡಗು ಅಂತ ಆ ನರ್ಸಮ್ಮ ಹೇಳಿಕೊಡ್ತಿದ್ದನ್ನ ಕಿವಿಯಾರೆ ಕೇಳಿದೀನಿ."

ಅವಳು ನನ್ನನ್ನೇ ನೋಡಿದಳು. ಅಳು ಇನ್ನೂ ಆರದ ಮುಖದಲ್ಲಿ ನಗು ಬಂತು.

"ಅಡಗು ಅಲ್ಲ ರೀ, ಅಡುಗು. ನಮ್ ತೆಲುಗಲ್ಲಿ ಕೇಳು ಅಂತ. ಕೇಳಿದ್ರೆ ಸಿಗುತ್ತೆ ಅನ್ನೋದೇ ಇವತ್ತಿನ ಪಾಠ. ಯಾರನ್ನ ಕೇಳೋಕೆ ಭಯಾನೋ ಅವ್ರನ್ನೇ ಹೋಗಿ ಕೇಳ್ಬೇಕಂತೆ."

"ನೀನು ಯಾರನ್ನ ಕೇಳ್ಬೇಕು?"

"ನಿಮ್ಮನ್ನ. ಆಸ್ಪತ್ರೇಲಿ ವಿಚಾರಿಸಿ ಹೇಳಿ ಅಂತ ನರ್ಸಮ್ಮನ ಕೈಕಾಲು ಹಿಡಿದೆ. ಒಪ್ಪಲಿಲ್ಲ. ದೇವ್ರನ್ನ ಕೇಳಿದ್ದಾಯ್ತಲ್ಲ, ಈಗ ನಿನ್ನ ಗಂಡನ್ನ ಕೇಳು ಅಂದ್ರು."

ಆಗಲೂ ನನ್ನ ಬುದ್ಧಿ ಬಿಡಲಿಲ್ಲ. ತವರಿಗೆ ಹೋಗುತ್ತೇನೆ ಅನ್ನುತ್ತಾಳೆ, ಅದಕ್ಕೇ ಇಷ್ಟು ಪೀಠಿಕೆ ಎಂದುಕೊಂಡೆ.

"ಕೇಳು ಮತ್ತೆ" ಎಂದೆ.

"ನಮ್ ಮಗು ಗಂಡಾ, ಹೆಣ್ಣಾ ರೀ?"

ಒಂದೇ ಸೂರಿನಡಿ ಒಂದು ವರ್ಷ ಕಳೆದಿದ್ದೆವು. ಅಷ್ಟನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಕೈಯಲ್ಲಿ ಇನ್ನೂ ಅವಳ ಸೀರೆ ಇತ್ತು.

"ಹೆಣ್ಣು ಕಣೇ" ಎಂದೆ. "ತಲೆ ತುಂಬ ಕೂದಲಿತ್ತು."

ಅವಳು ಹರಡಿದ್ದ ಸೀರೆಗಳ ನಡುವೆಯೇ ಕುಳಿತಳು. ಒಂದು ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು. "ಇಷ್ಟು ದಿನ ಪ್ರಾರ್ಥನೇಲಿ ಮಗು, ಮಗು ಅಂತಿದ್ದೆ. ಇನ್ಮೇಲೆ ಮಗಳು ಅಂತೀನಿ."

ನಾನೂ ಅವಳ ಪಕ್ಕದಲ್ಲಿ ಕುಳಿತು ಕೈ ಜೋಡಿಸಿದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಮಗಳು ಎಂಬುದೊಂದೇ ಬಂತು.